ಬೊಂಬಾಯಿಗೆ ಹೊರಡುವವರಿಗೆ ಬಜ್ಪೆಯ ಲೆಕ್ಕ

ಬೆಳಗ್ಗೆ 10.30ಕ್ಕೆ ಮಂಗಳೂರಿನಿಂದ ಮುಂಬಯಿಗೆ ವಿಮಾನ. ಮನೆ ಉಡುಪಿಯ ಕಲ್ಸಂಕದ ಹತ್ತಿರ. ಎಷ್ಟು ಹೊತ್ತಿಗೆ ಹೊರಡಬೇಕು?

ನಮ್ಮ ಕುಟುಂಬದಲ್ಲಿ ಟಿಕೆಟು ಮಾಡಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. "ಎಷ್ಟಾಯಿತು?" ಎಂದು ಎಲ್ಲರೂ ಕೇಳುತ್ತಾರೆ. ಮನೆ ಬಿಡುವ ಹೊತ್ತನ್ನು ಕೇಳುವವರು ಕಡಿಮೆ. ಹೆಜಮಾಡಿ ಟೋಲ್‌ನ ಸಾಲಿನಲ್ಲಿ ನಿಂತು ಗಡಿಯಾರ ನೋಡುವಾಗ, ಟಿಕೆಟಿನಲ್ಲಿ ಉಳಿಸಿದ ಐನೂರು ರೂಪಾಯಿ ನೆನಪಿಗೂ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಇರುವುದು ಪಕ್ಕದ ಜಿಲ್ಲೆಯ ಬಜ್ಪೆಯ ಗುಡ್ಡದ ಮೇಲೆ. ಹಾಗಾಗಿ ಇಲ್ಲಿಂದ ಹೊರಡುವವರು ರಸ್ತೆ, ಮಳೆ, ಬ್ಯಾಗು ಈ ಮೂರನ್ನೂ ಟಿಕೆಟಿನ ಜೊತೆಗೇ ಲೆಕ್ಕ ಹಾಕಿಕೊಳ್ಳಬೇಕು. ಈ ಲೆಕ್ಕವನ್ನು ಹಾಕಬೇಕಾದ್ದು ಕೊನೆಯಿಂದ ಹಿಂದಕ್ಕೆ.

ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ, ಹತ್ತುವ ಗೇಟು 25 ನಿಮಿಷ ಮೊದಲು. ಅಂದರೆ ಬ್ಯಾಗು ಒಪ್ಪಿಸಬೇಕಾದವರು 10.30ರ ವಿಮಾನವನ್ನು 9.30ರದ್ದೆಂದೇ ತಿಳಿಯಬೇಕು. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗಿ ಸಾಲಿನಲ್ಲಿ ನಿಲ್ಲುವುದಕ್ಕೆ ಒಂದು ಗಂಟೆ ಇಟ್ಟರೆ 8.30ಕ್ಕೆ ನಿಲ್ದಾಣದಲ್ಲಿರಬೇಕು. ಉಡುಪಿಯಿಂದ ಅಲ್ಲಿಗೆ ಹೆಚ್ಚುಕಡಿಮೆ 60 ಕಿ.ಮೀ. ರಸ್ತೆ ಬಿಡುವಾಗಿದ್ದರೆ ಒಂದೂಕಾಲು, ಒಂದೂವರೆ ಗಂಟೆ. ಹೀಗೆ, ಕಾಲು ಗಂಟೆ ಕೈಯಲ್ಲಿಟ್ಟುಕೊಂಡು, 6.45ಕ್ಕೆ ಕಾರು ಅಂಗಳ ಬಿಡಬೇಕು. ಮಣಿಪಾಲದವರು ಇನ್ನೊಂದು ಕಾಲು ಗಂಟೆ ಮುಂಚೆ ಹೊರಡಲಿ. ಕಾಪುವಿನವರಿಗೆ ಕಾಲು ಗಂಟೆ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರೂ ಅರ್ಧ ಗಂಟೆ ಸೇರಿಸಿಕೊಳ್ಳಲಿ. ವೆಬ್ ಚೆಕ್-ಇನ್ ಮಾಡಿ ಕೈಚೀಲ ಮಾತ್ರ ಹಿಡಿದವರಿಗೆ ಸ್ವಲ್ಪ ಸಡಿಲವಿದೆ, ಆದರೆ ಗೇಟಿನ 25 ನಿಮಿಷ ಅವರಿಗೂ ಅಷ್ಟೇ ಬಿಗಿ.

ಇನ್ನು ದಾರಿ. ಹೆಚ್ಚಿನವರು ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಕೂಳೂರಿಗೆ ಬಂದು, ಅಲ್ಲಿಂದ ಎಡಕ್ಕೆ ಕಾವೂರು, ಮರವೂರು ಮೂಲಕ ಕೆಂಜಾರಿನ ಟರ್ಮಿನಲ್‌ಗೆ ಏರುತ್ತಾರೆ. ರಸ್ತೆ ಅಗಲ, ರಾತ್ರಿಯೂ ಧೈರ್ಯ. ಆದರೆ ಸುರತ್ಕಲ್‌ನಿಂದ ಕೂಳೂರಿನವರೆಗಿನ ಭಾಗ ನವಮಂಗಳೂರು ಬಂದರಿನ ಲಾರಿಗಳದ್ದು. ಕೂಳೂರು ಸೇತುವೆಯ ಬಳಿ ವಾಹನ ನಿಂತರೆ ಎಷ್ಟು ಹೊತ್ತು ಎಂದು ಹೇಳಲಾಗುವುದಿಲ್ಲ. ಇನ್ನೊಂದು ದಾರಿ ಮೂಲ್ಕಿಯಲ್ಲೇ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆ. ತಿರುವುಗಳಿವೆ, ಅಲ್ಲಲ್ಲಿ ಕಿರಿದು, ಆದರೆ ಬಂದರಿನ ಲಾರಿಗಳ ಕಾಟವಿಲ್ಲ. ಕಟೀಲಿನಲ್ಲಿ ಐದು ನಿಮಿಷ ನಿಲ್ಲಿಸಿ ದುರ್ಗಾಪರಮೇಶ್ವರಿಗೆ ಕೈಮುಗಿದು ಹೋಗುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಆ ಐದು ನಿಮಿಷ ಶುಕ್ರವಾರ ಅರ್ಧ ಗಂಟೆಯೂ ಆಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾರ್ಕಳದವರು ಉಡುಪಿಗೆ ಬರಲೇಬೇಕಾಗಿಲ್ಲ. ಮೂಡುಬಿದಿರೆಗೆ ಇಳಿದು ಎಡಪದವು, ಗುರುಪುರ ಕೈಕಂಬದ ಮೂಲಕ ಬಜ್ಪೆ ಸೇರಬಹುದು. ಒಂದೂಕಾಲು ಗಂಟೆ ಇಟ್ಟುಕೊಂಡರೆ ನೆಮ್ಮದಿ.

ಎರಡೂ ದಾರಿ ಗೊತ್ತಿರಬೇಕು ಎನ್ನುವುದಕ್ಕೆ ಒಂದು ಕಾರಣ ಹೇಳುತ್ತೇನೆ. 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬ ಕುಸಿದು ಮಂಗಳೂರು-ನಿಲ್ದಾಣದ ಮುಖ್ಯ ರಸ್ತೆಯೇ ಮುಚ್ಚಿತ್ತು. ಸುತ್ತುದಾರಿ ಬಲ್ಲ ಚಾಲಕ ಸಿಕ್ಕವರು ಬಚಾವು. ಬಾಡಿಗೆ ಕಾರು ಗೊತ್ತು ಮಾಡುವಾಗ ಚಾಲಕನಿಗೆ "ಬಜ್ಪೆ ಏರ್‌ಪೋರ್ಟ್" ಎನ್ನುವುದರ ಜೊತೆಗೆ "ಕೆಂಜಾರಿನ ಹೊಸ ಟರ್ಮಿನಲ್" ಎಂದೂ ಹೇಳಿ. ಹೊರ ಊರಿನ ಚಾಲಕರು ಈಗಲೂ ಕೆಲವೊಮ್ಮೆ ಬಜ್ಪೆ ಪೇಟೆಯ ಬದಿಯ ಹಳೆಯ ಕಟ್ಟಡದ ಎದುರು ನಿಲ್ಲಿಸುತ್ತಾರೆ. ಒಬ್ಬರೇ, ಸಣ್ಣ ಚೀಲ, ಹಗಲು ಹೊತ್ತು ಎಂದಾದರೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದು ಸುರತ್ಕಲ್ ಅಥವಾ ಕೂಳೂರಿನಲ್ಲಿ ಇಳಿದು ರಿಕ್ಷಾ ಹಿಡಿಯಬಹುದು. ಸಂಸಾರ ಸಮೇತ ಹೊರಟವರಿಗೆ ಈ ಸಲಹೆ ಕೊಡಲಾರೆ.

ಈ ನಿಲ್ದಾಣಕ್ಕೆ ನಮ್ಮ ಕಡೆಯ ಋಣವೂ ಇದೆ. ಬಜ್ಪೆಗೆ ವಿಮಾನ ನಿಲ್ದಾಣ ಬರಲು ಓಡಾಡಿದವರು ಯು. ಶ್ರೀನಿವಾಸ ಮಲ್ಯರು, ಮುಂದೆ ಉಡುಪಿಯ ಲೋಕಸಭಾ ಸದಸ್ಯರಾದವರು ಅವರೇ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಅದು ಆರಂಭವಾಯಿತು. ಬಹುಕಾಲ ಇದ್ದದ್ದು 1,615 ಮೀಟರ್‌ನ ಒಂದೇ ರನ್‌ವೇ. 2,450 ಮೀಟರ್‌ನ ಈಗಿನ ರನ್‌ವೇ ಬಂದದ್ದು 2006ರಲ್ಲಿ, ಕೆಂಜಾರಿನ ಟರ್ಮಿನಲ್ 2010ರಲ್ಲಿ. 2020ರ ಅಕ್ಟೋಬರ್ 31ರಿಂದ ನಿರ್ವಹಣೆ ಅದಾನಿ ಸಮೂಹದ್ದು.

ವಿಮಾನವೇ ಬೇಕೇ? ಟಿಕೆಟು ಮಾಡಿಸುವ ಮೊದಲು ನಾನು ಇದನ್ನು ಕೇಳಿಯೇ ಕೇಳುತ್ತೇನೆ. ಉತ್ತರ ಹೋಗುವ ಊರಿನ ಮೇಲೆ ನಿಂತಿದೆ. ಮುಂಬಯಿಗೆ ಹಾರಾಟ ಸುಮಾರು ಒಂದೂವರೆಯಿಂದ ಒಂದೂಮುಕ್ಕಾಲು ಗಂಟೆ. ಮನೆಯಿಂದ ನಿಲ್ದಾಣ, ಕಾಯುವುದು, ಹಾರುವುದು, ಬ್ಯಾಗು ಬರುವವರೆಗೆ ನಿಲ್ಲುವುದು, ಅಲ್ಲಿಂದ ಡೊಂಬಿವಲಿಯೋ ಮೀರಾ ರೋಡೋ ಸೇರುವುದು ಎಲ್ಲ ಕೂಡಿಸಿದರೆ ಏಳೆಂಟು ಗಂಟೆ. ಇಂದ್ರಾಳಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಗ್ಗೆ ಕುರ್ಲಾ. ಹಾರಿದರೆ ಅರ್ಧದಷ್ಟು ಸಮಯ ಉಳಿಯುತ್ತದೆ, ಹಾಗಾಗಿ ಮುಂಬಯಿಗೆ ವಿಮಾನಕ್ಕೆ ಅರ್ಥವಿದೆ. 1998ಕ್ಕೆ ಮೊದಲು, ಕೊಂಕಣ ರೈಲು ಪೂರ್ತಿಯಾಗುವ ಮುನ್ನ, ಘಟ್ಟ ಹತ್ತಿ ಬೆಳಗಾವಿ ಮೂಲಕ ಬಸ್ಸಿನಲ್ಲಿ ಮೈಮುರಿದುಕೊಂಡು ಹೋಗುತ್ತಿದ್ದವರು ಈ ವ್ಯತ್ಯಾಸದ ಬೆಲೆ ಬಲ್ಲರು.

ಬೆಂಗಳೂರಿನ ಮಾತು ಬೇರೆ. ಹಾರಾಟ ಒಂದೇ ಗಂಟೆ, ನಿಜ. ಆದರೆ ಈ ಬದಿಯ 60 ಕಿ.ಮೀ., ಆ ಬದಿಯಲ್ಲಿ ದೇವನಹಳ್ಳಿಯಿಂದ ಜಯನಗರವೋ ವಿಜಯನಗರವೋ ಮುಟ್ಟುವ ಎರಡು ಗಂಟೆ ಸೇರಿಸಿದರೆ ಏಳು ಗಂಟೆಯ ಹಗಲು ಹೋಯಿತು. ರಾತ್ರಿ ಬಸ್ಸು ಒಂಬತ್ತು ಹತ್ತು ಗಂಟೆ ತೆಗೆದುಕೊಂಡರೂ ಅದು ನಿದ್ದೆಯ ಹೊತ್ತು. ಆರೋಗ್ಯವಂತರಿಗೆ ನಾನು ಬಸ್ಸು ಅಥವಾ ರೈಲನ್ನೇ ಹೇಳುತ್ತೇನೆ. ಬೆನ್ನುನೋವಿನವರು, ಆಸ್ಪತ್ರೆಗೆ ಹೋಗುವ ಹಿರಿಯರು, ಅಂದೇ ಹೋಗಿ ಅಂದೇ ಮರಳಬೇಕಾದವರು ಹಾರಲಿ. ಒಂದು ಎಚ್ಚರ ಮಾತ್ರ: ಘಟ್ಟ ಕುಸಿದಾಗ ಈ ಲೆಕ್ಕವೆಲ್ಲ ಬದಲಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರೈಲು ನಿಂತಾಗ, ರಸ್ತೆಯೂ ತೊಂದರೆಗೆ ಸಿಕ್ಕಾಗ, ವಿಮಾನದಲ್ಲಿ ಉಳಿದ ಸೀಟುಗಳಿಗೆ ಎಲ್ಲರೂ ಒಮ್ಮೆಗೆ ಮುಗಿಬಿದ್ದರು. ಜುಲೈ, ಆಗಸ್ಟ್‌ನಲ್ಲಿ ಮಣಿಪಾಲದ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬರುವ ಹೆತ್ತವರು ಮರಳುವ ಟಿಕೆಟನ್ನೂ ಮೊದಲೇ ಮಾಡಿಸಿಟ್ಟುಕೊಳ್ಳುವುದು ಇದಕ್ಕೇ ಒಳ್ಳೆಯದು.

ದರದ ಗುಟ್ಟು ದೊಡ್ಡದೇನಲ್ಲ. ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಕಟ್ಟುಗಳಾಗಿ ಮಾಡಿಟ್ಟಿರುತ್ತಾರೆ. ಅಗ್ಗದ ಕಟ್ಟು ಮುಗಿದರೆ ಮುಂದಿನದು ತೆರೆಯುತ್ತದೆ. ಮಂಗಳೂರಿನಿಂದ ವಿಮಾನಗಳೇ ಕಡಿಮೆ ಇರುವುದರಿಂದ ಅಗ್ಗದ ಸೀಟುಗಳೂ ಬೇಗ ಮುಗಿಯುತ್ತವೆ. ಇಲ್ಲಿ ದರ ಏರುವ ದಿನಗಳನ್ನು ನಮ್ಮ ಊರಿನ ಪಂಚಾಂಗವೇ ಹೇಳುತ್ತದೆ: ಮುಂಬಯಿಯ ಶಾಲೆಗಳಿಗೆ ಬೇಸಗೆ ರಜೆ ಶುರುವಾದಾಗ ಊರಿಗೆ ಬರುವ ದಿಕ್ಕಿನಲ್ಲಿ, ಜೂನ್ ಮೊದಲ ವಾರಗಳಲ್ಲಿ ಮರಳುವ ದಿಕ್ಕಿನಲ್ಲಿ; ಚೌತಿ, ದೀಪಾವಳಿ, ಕ್ರಿಸ್ಮಸ್; ಜನವರಿಯಲ್ಲಿ ಅತ್ತೂರು ಸಂತ ಲಾರೆನ್ಸರ ಹಬ್ಬ; ಸಮವರ್ಷಗಳ ಜನವರಿ 18ರ ಪರ್ಯಾಯ. ಕಾಪು ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವದ ಹೊತ್ತಿಗೆ, 2025ರ ಫೆಬ್ರವರಿ-ಮಾರ್ಚ್‌ನಲ್ಲಿ, ಮುಂಬಯಿಯ ನಮ್ಮವರು ಗುಂಪುಗುಂಪಾಗಿ ಬಂದಿದ್ದರು. ಕಾರ್ಕಳದ ಗೊಮ್ಮಟನ ಮಸ್ತಕಾಭಿಷೇಕ 2015ರಲ್ಲಿ ನಡೆಯಿತು. ಹನ್ನೆರಡು ವರ್ಷದ ಲೆಕ್ಕ ಹಾಕಿಕೊಂಡಿರುವವರು ಈಗಲೇ ದಿನಾಂಕಕ್ಕೆ ಕಿವಿಗೊಟ್ಟಿರಲಿ. ಮನೆಯ ನೇಮ, ನಾಗಮಂಡಲ, ಮದುವೆಯ ದಿನ ನಿಗದಿಯಾದ ಕೂಡಲೇ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಟಿಕೆಟು ನೋಡಿ.

ತೋರಿಸುವ ದರದಲ್ಲಿ ಮೂಲ ದರ, ಇಂಧನ ಶುಲ್ಕ, ನಿಲ್ದಾಣದ ಬಳಕೆ ಶುಲ್ಕ, ಭದ್ರತಾ ಶುಲ್ಕ, ಸಾಮಾನ್ಯ ದರ್ಜೆಗೆ 5% ಜಿಎಸ್‌ಟಿ ಸೇರಿರುತ್ತವೆ. ಕೊನೆಯ ಪುಟದಲ್ಲಿ "ಕನ್ವೀನಿಯನ್ಸ್ ಶುಲ್ಕ" ಎಂದು ಇನ್ನೊಂದಿಷ್ಟು ಬರುತ್ತದೆ, ಹೋಲಿಸುವಾಗ ಅದನ್ನೂ ಕೂಡಿಸಿ. ತೀರಾ ಅಗ್ಗವಾಗಿ ಕಾಣುವ ಕೆಲವು ಟಿಕೆಟುಗಳಲ್ಲಿ ಕೆಳಗೆ ಹಾಕುವ ಬ್ಯಾಗಿಗೆ ಅವಕಾಶವೇ ಇರುವುದಿಲ್ಲ. ಆಮೇಲೆ ಬ್ಯಾಗಿಗೆಂದು ಹಣ ಕಟ್ಟಿದರೆ ಅದು ದುಬಾರಿ ಟಿಕೆಟೇ. ಇನ್ನೊಂದು ಸಂಗತಿ: ದಿಲ್ಲಿಗೋ ಕೋಲ್ಕತ್ತಕ್ಕೋ ಮುಂಬಯಿ, ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹೋಗುವವರು ಎರಡೂ ಹಾರಾಟವನ್ನು ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಲೇಬೇಕು. ಬೇರೆ ಬೇರೆ ಟಿಕೆಟಾದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಯಾರದೂ ಅಲ್ಲ, ನಿಮ್ಮದೇ.

ಹೆಸರಿನ ವಿಷಯ ಸಣ್ಣದೆಂದು ತೋರುತ್ತದೆ, ಆದರೆ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ. ನಮ್ಮಲ್ಲಿ ಒಬ್ಬರಿಗೇ ಮೂರು ಹೆಸರು: ಮನೆಯವರು ಕರೆಯುವುದು ಒಂದು, ಶಾಲೆಯಲ್ಲಿ ಇನಿಶಿಯಲ್ ಸಮೇತ ಒಂದು, ಆಧಾರ್‌ನಲ್ಲಿ ಶೆಟ್ಟಿ, ಪೂಜಾರಿ, ಆಚಾರ್ಯ, ಭಟ್ ಸೇರಿಸಿ ಇನ್ನೊಂದು. ನನ್ನ ದೊಡ್ಡಮ್ಮನಿಗೆ ಒಮ್ಮೆ ನಾನೇ ಬಾಯಿಮಾತಿನ ಹೆಸರಿನಲ್ಲಿ ಟಿಕೆಟು ಮಾಡಿಸಿ, ಬಾಗಿಲಲ್ಲಿ ನಿಂತು ವಿವರಿಸಬೇಕಾಯಿತು. ಅಂದಿನಿಂದ ಯಾರು ಕೇಳಿದರೂ ಮೊದಲು ಆಧಾರ್‌ನ ಫೋಟೋ ಕಳಿಸಿ ಎನ್ನುತ್ತೇನೆ. ಟಿಕೆಟು ಕೈಗೆ ಬಂದ ತಕ್ಷಣ ಅಕ್ಷರ ಅಕ್ಷರ ಓದಿ ನೋಡಿ. ವಿಮಾನ ಸಂಸ್ಥೆಯ ತಾಣದಲ್ಲೇ ಮಾಡಿಸಿದ ಟಿಕೆಟಿನಲ್ಲಿ ಹೆಸರು ತಪ್ಪಿದ್ದರೆ, 24 ಗಂಟೆಯೊಳಗೆ ಹೇಳಿದರೆ ಶುಲ್ಕವಿಲ್ಲದೆ ತಿದ್ದಿಕೊಡುತ್ತಾರೆ. ಎರಡು ವರ್ಷದೊಳಗಿನ ಕೂಸಿಗೆ ಜನನ ಪ್ರಮಾಣಪತ್ರ ಬೇಕು. ಗಾಲಿಕುರ್ಚಿ ಬೇಕಾದ ಹಿರಿಯರಿದ್ದರೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ. ಕೇಳಲು ಸಂಕೋಚಪಡುವ ಹಿರಿಯರ ಪರವಾಗಿ ನೀವೇ ಕೇಳಿ.

ಈಗ ಬ್ಯಾಗು. ಊರಿನಿಂದ ಬೊಂಬಾಯಿಗೆ ಬರಿಗೈಯಲ್ಲಿ ಹೋಗುವವರು ಯಾರಿದ್ದಾರೆ? ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಉಪ್ಪುನೀರಿನ ಹಲಸಿನ ಸೊಳೆ, ಪತ್ರೊಡೆಗೆ ಕೆಸುವಿನೆಲೆ, ಮಟ್ಟುಗುಳ್ಳ, ಶಂಕರಪುರದ ಮಲ್ಲಿಗೆ, ತೆಂಗಿನೆಣ್ಣೆ. ಸಾಮಾನ್ಯ ಟಿಕೆಟಿಗೆ ಕೆಳಗೆ 15 ಕೆ.ಜಿ., ಕೈಯಲ್ಲಿ 7 ಕೆ.ಜಿ. ಬರಿ ಸೂಟ್‌ಕೇಸೇ ಮೂರ್ನಾಲ್ಕು ಕೆ.ಜಿ. ತಿಂದುಬಿಡುತ್ತದೆ. ಮನೆಯಲ್ಲೇ ತೂಗಿ ನೋಡಿ. ತಕ್ಕಡಿ ಇಲ್ಲದಿದ್ದರೆ ಹತ್ತಿರದ ಜೀನಸಿ ಅಂಗಡಿಯವರು ಬೇಡವೆನ್ನುವುದಿಲ್ಲ. ಹೆಚ್ಚಿನ ತೂಕ ಬೇಕೇಬೇಕೆಂದಾದರೆ ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ, ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಕಟ್ಟುವುದಕ್ಕಿಂತ ಅದು ಅಗ್ಗ.

ಎಣ್ಣೆ, ಉಪ್ಪಿನಕಾಯಿ, ಉಪ್ಪುನೀರಿನ ಸೊಳೆ ಇವನ್ನು ಎರಡು ಮೂರು ಪದರ ಪ್ಲಾಸ್ಟಿಕ್ ಸುತ್ತಿ, ಅಲುಗಾಡದಂತೆ ಅಕ್ಕಿಚೀಲದ ನಡುವೆ ಇಟ್ಟು ಕೆಳಗಿನ ಬ್ಯಾಗಿಗೆ ಹಾಕಿ. ಮಗಳ ಹೊಸ ಮನೆಗೆಂದು ಮೆಟ್ಟುಕತ್ತಿ ಒಯ್ಯುವವರಿದ್ದಾರೆ. ಅದೂ, ತರಕಾರಿ ಕತ್ತಿಯೂ ಅಲಗಿಗೆ ದಪ್ಪ ರಟ್ಟು ಕಟ್ಟಿ ಕೆಳಗಿನ ಬ್ಯಾಗಿನಲ್ಲೇ ಹೋಗಬೇಕು, ಕೈಚೀಲದಲ್ಲಿ ಸಿಕ್ಕರೆ ಭದ್ರತಾ ಸಿಬ್ಬಂದಿ ತೆಗೆದಿಡುತ್ತಾರೆ. ಇಡೀ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿಯಂತೂ ಎಣ್ಣೆಯ ಅಂಶದಿಂದ ಬೇಗ ಬೆಂಕಿ ಹತ್ತುವ ವಸ್ತುಗಳ ಸಾಲಿಗೆ ಸೇರಿದೆ. ಅದನ್ನು ಮನೆಯಲ್ಲೇ ಬಿಡಿ. 2024ರ ಶಬರಿಮಲೆ ಯಾತ್ರೆಯ ಹೊತ್ತಿಗೆ ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲಿ ಒಯ್ಯಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು ಯಾತ್ರಿಕರಿಗಾಗಿ ಮಾಡಿದ ತಾತ್ಕಾಲಿಕ ವಿನಾಯಿತಿ, ಎಲ್ಲರಿಗೂ ಎಲ್ಲ ಕಾಲಕ್ಕೂ ಅಲ್ಲ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು: ಅದು ಕೈಚೀಲದಲ್ಲೇ ಇರಬೇಕು, ಕೆಳಗಿನ ಬ್ಯಾಗಿನಲ್ಲಿ ಇಟ್ಟರೆ ಕರೆಸಿ ಬಿಚ್ಚಿಸುತ್ತಾರೆ. ಮಲ್ಲಿಗೆಯ ಅಟ್ಟೆಯನ್ನು ಬಾಳೆಲೆಯಲ್ಲಿ ಕಟ್ಟಿ ಕೈಯಲ್ಲೇ ಹಿಡಿದುಕೊಳ್ಳಿ. ಮಟ್ಟುಗುಳ್ಳವೂ ಹಾಗೆಯೇ, ಭಾರ ಬಿದ್ದರೆ ಕಪ್ಪಾಗುತ್ತದೆ. ಒಣಮೀನಿನ ವಾಸನೆ ಹೊರಬಂದರೆ ಬ್ಯಾಗು ತಡೆಯುವ ಅಧಿಕಾರ ವಿಮಾನ ಸಂಸ್ಥೆಗಿದೆ, ಗಾಳಿ ಆಡದಂತೆ ಸೀಲ್ ಮಾಡಿಸಿ.

ಸಣ್ಣ ಎಟಿಆರ್ ವಿಮಾನವಾದರೆ ತಲೆಯ ಮೇಲಿನ ಜಾಗ ಕಿರಿದು. 7 ಕೆ.ಜಿ.ಯ ಗಟ್ಟಿ ಪೆಟ್ಟಿಗೆಯನ್ನು ಮೆಟ್ಟಿಲ ಬಳಿಯೇ ತೆಗೆದುಕೊಂಡು ಇಳಿದಾಗ ಕೊಡುತ್ತಾರೆ. ಔಷಧಿ, ಚಿನ್ನ, ಕಾಗದಪತ್ರ ಅದರಲ್ಲಿ ಇಡಬೇಡಿ.

ಇನ್ನು ಮಳೆ. ಬಜ್ಪೆಯದು ಟೇಬಲ್‌ಟಾಪ್ ನಿಲ್ದಾಣ: ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ರನ್‌ವೇ ಹಾಸಿದ್ದಾರೆ, ತುದಿಗಳಾಚೆ ಕಣಿವೆ. ಕಡಲಿನಿಂದ ಬರುವ ಮೋಡ ಆ ಗುಡ್ಡಕ್ಕೇ ತಾಗಿ ನಿಲ್ಲುತ್ತದೆ. ಉಡುಪಿಯಲ್ಲಿ ಮಳೆ ಬಿಟ್ಟು ಬಿಸಿಲು ಬಂದಿದ್ದರೂ ಕೆಂಜಾರಿನಲ್ಲಿ ರನ್‌ವೇ ಕಾಣದಿರಬಹುದು. ಆಗ ಇಳಿಯಬೇಕಾದ ವಿಮಾನ ಆಕಾಶದಲ್ಲಿ ಸ್ವಲ್ಪ ಸುತ್ತು ಹೊಡೆದು, ಆಗದಿದ್ದರೆ ಬೆಂಗಳೂರು ಅಥವಾ ಕೊಚ್ಚಿಯಂಥ ನಿಲ್ದಾಣಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ನೀವು ಹತ್ತಬೇಕಾದದ್ದೂ ಅದೇ ವಿಮಾನ. ಮುಂಬಯಿಯಿಂದ ಬಂದದ್ದೇ ಮುಂಬಯಿಗೆ ಮರಳುವುದು. ಆದ್ದರಿಂದ ಮಳೆಗಾಲದಲ್ಲಿ ಮನೆ ಬಿಡುವ ಮೊದಲು ನಿಮ್ಮ ವಿಮಾನದ ಸಮಯಕ್ಕಿಂತ, ಅಲ್ಲಿಂದ ಇಲ್ಲಿಗೆ ಬರುವ ವಿಮಾನ ಹೊರಟಿತೇ ಎಂದು ನೋಡಿ. ಮೊಬೈಲಿನಲ್ಲಿ ವಿಮಾನದ ಜಾಡು ತೋರಿಸುವ ಆ್ಯಪ್‌ಗಳಿವೆ. ಹಾಗೆಂದು ಅದು ತಡವೆಂದು ನೀವೂ ತಡಮಾಡಬೇಡಿ, ಕೌಂಟರ್ ಮುಚ್ಚುವುದು ಹೇಳಿದ ಹೊತ್ತಿಗೇ. ಒಂದು ವಿಮಾನ ದಿನಕ್ಕೆ ಹಲವು ಊರು ಸುತ್ತುತ್ತದೆ, ತಡ ಎನ್ನುವುದು ಸಂಜೆಯವರೆಗೆ ಬೆಳೆಯುತ್ತಾ ಹೋಗುತ್ತದೆ. ಮರುದಿನ ಮದುವೆಯೋ ಪರೀಕ್ಷೆಯೋ ಇದ್ದವರು ರಾತ್ರಿಯ ಕೊನೆಯ ವಿಮಾನ ನಂಬಬಾರದು.

ಇಳಿಯಲು ಬಂದ ವಿಮಾನ ನೆಲ ಕಾಣುವಷ್ಟರಲ್ಲಿ ಮತ್ತೆ ಮೇಲೇರಿದರೆ ಒಳಗಿದ್ದವರಿಗೆ ಜೀವ ಬಾಯಿಗೆ ಬರುತ್ತದೆ. ಅದು ಹೆದರಬೇಕಾದ ಗಳಿಗೆಯಲ್ಲ ಎಂದು ನಾನು ಒತ್ತಿ ಹೇಳಬಯಸುತ್ತೇನೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲೇ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು, ಉಳಿದವರು ಎಂಟು ಜನ. ಇಳಿಯುವ ಕೋನ ತಪ್ಪಿದ್ದರೂ ಆ ಯತ್ನವನ್ನು ಕೈಬಿಟ್ಟು ಮೇಲೇರದಿದ್ದದ್ದೇ ಮುಖ್ಯ ಕಾರಣ ಎಂದು ವಿಚಾರಣೆಯಲ್ಲಿ ತಿಳಿಯಿತು. ಸರಿಹೊಂದದಿದ್ದರೆ ಮೇಲೇರುವ ಪೈಲಟ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾನೆ. ಗುರುತು ಸಿಗದವರನ್ನು ಮಣ್ಣು ಮಾಡಿದ ಜಾಗದಲ್ಲಿ, ಕೂಳೂರು-ತಣ್ಣೀರುಬಾವಿ ರಸ್ತೆ ಬದಿ, ಫಲ್ಗುಣಿ ತೀರದಲ್ಲಿ ಸ್ಮಾರಕ ಉದ್ಯಾನವಿದೆ. ನೀವು ನಿಲ್ದಾಣಕ್ಕೆ ತಿರುಗುವ ಕೂಳೂರಿನಿಂದ ಅದು ದೂರವಿಲ್ಲ.

ವಿಮಾನ ತಡವಾದರೆ, ರದ್ದಾದರೆ ನಿಮಗೆ ಸಲ್ಲಬೇಕಾದ್ದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಿಯಮವಾಗಿ ಬರೆದಿಟ್ಟಿದೆ. ಮುಂಬಯಿ, ಬೆಂಗಳೂರಿನಂಥ ಸಣ್ಣ ಹಾರಾಟಕ್ಕೆ ಎರಡು ಗಂಟೆ ಮೀರಿ ತಡವಾದರೆ ತಿಂಡಿ, ಪಾನೀಯ ಕೊಡಬೇಕು. ಆರು ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಬೇಕೆಂದು ಕೇಳಬಹುದು. ಮೊದಲೇ ತಿಳಿಸದೆ ರದ್ದು ಮಾಡಿದರೆ ಹಣದ ಜೊತೆಗೆ ಪರಿಹಾರವೂ ಇದೆ: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗಿನದಕ್ಕೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಆದರೆ ಮಳೆ, ಮೋಡದಂಥ ಕಾರಣಕ್ಕೆ ಪರಿಹಾರವಿಲ್ಲ; ಹಣ ವಾಪಸ್ ಅಥವಾ ಬೇರೆ ವಿಮಾನ ಮಾತ್ರ. ನೀವಾಗಿಯೇ ರದ್ದು ಮಾಡಿದರೂ ಮೂಲ ದರ ಮತ್ತು ಇಂಧನ ಶುಲ್ಕಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ನಿಲ್ದಾಣದ ಶುಲ್ಕಗಳು ಮರಳಿ ಬರಲೇಬೇಕು. ಅಗ್ಗದ ಟಿಕೆಟಿನಲ್ಲಿ ಏನೂ ಸಿಗುವುದಿಲ್ಲವೆಂದು ಅನೇಕರು ರದ್ದೇ ಮಾಡದೆ ಬಿಟ್ಟುಬಿಡುತ್ತಾರೆ; ಕೆಲವು ನೂರು ರೂಪಾಯಿಯಾದರೂ ನಿಮ್ಮದೇ ಹಣ, ಕೇಳಿ ಪಡೆಯಿರಿ. 2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದಾದ್ಯಂತ ಸಾವಿರಾರು ಹಾರಾಟ ರದ್ದಾಗಿ ದರ ಗಗನಕ್ಕೇರಿದಾಗ ಕೇಂದ್ರ ಸರ್ಕಾರ ದೂರಕ್ಕೆ ತಕ್ಕಂತೆ ಮಿತಿ ಹಾಕಿತ್ತು: 500 ಕಿ.ಮೀ.ವರೆಗೆ 7,500, ಸಾವಿರ ಕಿ.ಮೀ.ವರೆಗೆ 12,000 ರೂಪಾಯಿ.

ಕೊನೆಯದಾಗಿ ಮುಂಬಯಿಯ ಬದಿ. ಮೊದಲು ಟರ್ಮಿನಲ್ ಒಂದೋ ಎರಡೋ ಎಂದು ನೋಡಿದರೆ ಸಾಕಿತ್ತು. ಒಂದನೆಯದು ಸಾಂತಾಕ್ರೂಜ್, ವಿಲೆಪಾರ್ಲೆ ಬದಿ. ಎರಡನೆಯದು ಅಂಧೇರಿ ಪೂರ್ವದ ಸಹಾರ್ ಬದಿ. ಈಗ ಊರಿಗೇ ಎರಡು ನಿಲ್ದಾಣ. ನವಿ ಮುಂಬಯಿಯದ್ದು 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ ಡಿಸೆಂಬರ್ 25ರಿಂದ ಪ್ರಯಾಣಿಕರಿಗೆ ತೆರೆದಿದೆ. ನೆರೂಲ್, ಬೇಲಾಪುರ, ಪನ್ವೇಲ್ ಕಡೆ ಮನೆ ಇರುವವರಿಗೆ ಅದು ವರ. ಬೊರಿವಲಿ, ಮೀರಾ ರೋಡಿನವರಿಗೆ ಅಲ್ಲಿಳಿದರೆ ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಟ್ಯಾಕ್ಸಿಯಲ್ಲಿ. ಹುಡುಕುವಾಗ "ಮುಂಬಯಿ" ಎಂದಷ್ಟೇ ಹಾಕಿದರೆ ಎರಡೂ ಒಂದೇ ಪಟ್ಟಿಯಲ್ಲಿ ಬರಬಹುದು. ಬಿಒಎಂ ಎಂದರೆ ಹಳೆಯದು, ಎನ್‌ಎಂಐ ಎಂದರೆ ಹೊಸದು. ಹಣ ಕಟ್ಟುವ ಮೊದಲು ಆ ಮೂರಕ್ಷರ ನೋಡಿ, ಕರೆದೊಯ್ಯಲು ಬರುವ ಭಾವನಿಗೂ ಅದೇ ಮೂರಕ್ಷರವನ್ನು ಟರ್ಮಿನಲ್ ಸಮೇತ ಬರೆದು ಕಳಿಸಿ.